ನೀರುನಾಯಿಗೆ ಭಯ ಕಲಿಸಿದ್ದು

ಕಾಡುಪ್ರಾಣಿಗಳನ್ನು ಕಂಡರಾಗದವರಿಂದ ನನ್ನ ಕೆಲಸಕ್ಕೆ ಅಂಥ ತೊಂದರೆಯಾಗಿಲ್ಲ. ತೊಂದರೆ ಕೊಟ್ಟವರೆಲ್ಲ ಅವನ್ನು ಪ್ರೀತಿಸುವವರೇ. ಸಿಟ್ಟು ಇಳಿದ ಮೇಲೆ ಇದನ್ನು ಬರೆಯೋಣವೆಂದು ಕಾದೆ. ಇಳಿಯಲಿಲ್ಲ. ಹಾಗಾಗಿ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ನಾನಿರುವ ಈ ಪರದೇಶದ ನಗರದ ಅಂಚಿಗೆ, ಎಟೋಬಿಕೋಕ್‌ನಲ್ಲಿ ಕಾಂಡೋ ಕಟ್ಟಡಗಳ ಸಾಲು ಮುಗಿಯುವಲ್ಲಿ, ಅಲೆ ತಡೆಯಲೆಂದು ಸರೋವರದೊಳಕ್ಕೆ ಚಾಚಿ ಕಟ್ಟಿದ ಒಂದು ಕಲ್ಲಿನ ದಿಬ್ಬವಿದೆ. ಐಸು ಕರಗಿದ ಮೇಲೆ ಗಾಳ ಹಾಕುವವರು ಮಡಚುವ ಕುರ್ಚಿ, ಬಕೆಟ್ಟು, ಥರ್ಮಾಸುಗಳ ಸಮೇತ ಬಂದು ಅದರ ಉದ್ದಕ್ಕೂ ಕೂರುತ್ತಾರೆ. ಆ ವಸಂತದಲ್ಲಿ ಅವರ ನಡುವೆ ಒಂದು ನೀರುನಾಯಿ ಕಾಣಿಸಿಕೊಂಡಿತು. ಒಂಟಿ ಗಂಡು, ಇನ್ನೂ ಎಳೆಯದು. ತನ್ನದೇ ಒಂದು ನೆಲೆ ಹುಡುಕಿಕೊಂಡು ಯಾವುದೋ ಹೊಳೆಗುಂಟ ಇಳಿದು ಬಂದಿರಬೇಕು. ಈ ನಗರದ ನೀರಿನಿಂದ ನೀರುನಾಯಿಗಳು ಮಾಯವಾಗಿ ಬಹಳ ಕಾಲವಾಗಿತ್ತು, ಈಗೀಗ ಒಂದೊಂದಾಗಿ ಮರಳುತ್ತಿವೆ. ಆದ್ದರಿಂದ ನಮ್ಮ ಕಚೇರಿಗೆ ದೂರು ಬಂದಾಗ ನನಗೆ ಮೊದಲು ಆದದ್ದು ಖುಷಿ. ದೂರು ಇಷ್ಟೇ: ಅದು ಜನರ ಕೈಯಿಂದ ಮೀನು ತಿನ್ನುತ್ತಿದೆ.

ನಾನು ಹೊಳೆ ಮತ್ತು ದಂಡೆಗಳನ್ನು ನೋಡಿಕೊಳ್ಳುವ ಸಂಸ್ಥೆಯೊಂದರಲ್ಲಿ ಕ್ಷೇತ್ರ ಸಹಾಯಕಿ. ನನ್ನ ಮೇಲಧಿಕಾರಿ ಮಾತು ಕಡಿಮೆಯ ಹೆಂಗಸು. ಕೆಲಸ ವಹಿಸುವಾಗ ಅವರು ಹೇಳಿದ್ದು, "ಅದು ಜನರ ಹತ್ತಿರ ಬರದಂತೆ ಮಾಡು. ಯಾರನ್ನಾದರೂ ಕಚ್ಚಿತೋ, ಅದರ ಕಥೆ ಮುಗಿಯಿತು." ಅದು ಬೆದರಿಕೆಯಲ್ಲ, ವಿಧಾನ. ಕಚ್ಚಿದ ಕಾಡುಪ್ರಾಣಿಗೆ ರೇಬಿಸ್ ಇದೆಯೇ ಎಂದು ನೋಡಲು ಅದರ ಮೆದುಳು ಬೇಕು, ಮೆದುಳು ಬೇಕೆಂದರೆ ಪ್ರಾಣಿ ಸಾಯಬೇಕು. ದೂರ ಒಯ್ದು ಬಿಡಬಹುದಲ್ಲ ಎಂದು ಎಲ್ಲರೂ ಕೇಳುತ್ತಾರೆ. ಅದಕ್ಕೆ ಅನುಮತಿ ಸಿಗುವುದಿಲ್ಲ. ಸಿಕ್ಕರೂ ಉಪಯೋಗವಿಲ್ಲ, ಜನರ ಕೈ ನೋಡಲು ಕಲಿತ ಪ್ರಾಣಿ ಹೋದಲ್ಲೆಲ್ಲ ಜನರನ್ನೇ ಹುಡುಕುತ್ತದೆ.

ಮೊದಲು ನಾನು ಮಾಡಿದ್ದು ಅದರ ಹಿಕ್ಕೆ ಹೆಕ್ಕುವ ಕೆಲಸ. ನೀರುನಾಯಿ ದಿನವೂ ಒಂದೇ ಬಂಡೆಯ ಮೇಲೆ ಹಿಕ್ಕೆ ಹಾಕುತ್ತದೆ. ಅದನ್ನು ಜರಡಿಯಲ್ಲಿ ತೊಳೆದು, ಒಣಗಿಸಿ, ಲೆನ್ಸಿನಡಿ ಇಟ್ಟರೆ ಏನು ತಿಂದಿದೆ ಎಂಬುದು ತಿಳಿಯುತ್ತದೆ. ಹಳೆಯ ಹಿಕ್ಕೆಯಲ್ಲಿ ಸಿಗಡಿಯಂಥ ಕ್ರೇಫಿಶ್‌ನ ಕೆಂಪು ಚಿಪ್ಪಿನ ಚೂರುಗಳು, ಕಲ್ಲಡಿಯ ಸಣ್ಣ ಮೀನುಗಳ ಮುಳ್ಳು. ಹೊಸದರಲ್ಲಿ ಚಿಪ್ಪೇ ಇಲ್ಲ. ಬರೀ ಪರ್ಚ್ ಮೀನಿನ ಹುರುಪೆ, ಅದೂ ಗಾಳದವರು ಹಿಡಿಯುವ ಗಾತ್ರದ್ದು. ಅಂದರೆ ಅದು ಕಲ್ಲಡಿ ಹುಡುಕಿ ತಿನ್ನುವುದನ್ನೇ ಬಿಟ್ಟಿತ್ತು.

ದಿಬ್ಬದ ತುದಿಯಲ್ಲಿ ಬೆಳಗ್ಗೆ ತಪ್ಪದೆ ಕಾಣುತ್ತಿದ್ದವರು ಇಬ್ಬರು. ಒಬ್ಬರು ಓಕ್‌ವಿಲ್‌ನ ನಿವೃತ್ತ ಡಾಕ್ಟರು, ಎಪ್ಪತ್ತು ದಾಟಿದವರು. ಇನ್ನೊಬ್ಬರು ಥಾರ್ನ್‌ಹಿಲ್‌ನಿಂದ ಕಾರು ಓಡಿಸಿಕೊಂಡು ಬರುವ ಸಾಫ್ಟ್‌ವೇರ್ ಎಂಜಿನಿಯರು, ನಲವತ್ತರ ಆಸುಪಾಸಿನವರು, ಸಸ್ಯಾಹಾರಿ. ಗಾಳ ಹಾಕುವುದು ಅವರಿಗೆ ಧ್ಯಾನವಂತೆ, ಹಿಡಿದ ಮೀನನ್ನು ತಿರುಗಿ ನೀರಿಗೇ ಬಿಡುವುದು ನಿಯಮವಂತೆ. ಕೆಲಸದ ಕಿತ್ತಳೆ ಜಾಕೆಟ್ಟಿನಲ್ಲಿ ನಿಂತು ನಾನು ಇಂಗ್ಲಿಷಿನಲ್ಲಿ ನನ್ನ ಪಾಠ ಒಪ್ಪಿಸಿದೆ. ತಿನ್ನಿಸಬೇಡಿ, ಮುಟ್ಟಬೇಡಿ, ಹತ್ತಿರ ಬಂದರೆ ಎದ್ದು ದೂರ ಹೋಗಿ. ಇಬ್ಬರೂ ಬಹಳ ಸಭ್ಯವಾಗಿ ತಲೆಯಾಡಿಸಿದರು. ನಾನು ಬೆನ್ನು ತಿರುಗಿಸಿದ್ದೇ ತಡ, ಕನ್ನಡ ಶುರುವಾಯಿತು.

"ಸಾರ್, ಜಾಕೆಟ್ ನೋಡಿದ್ರಾ? ಟ್ರಾಫಿಕ್ ಕೋನು ಎದ್ದು ನಡ್ಕೊಂಡು ಬಂದಂಗಿತ್ತು" ಎಂದರು ಎಂಜಿನಿಯರು.

"ಎಂತ ಮಾಡುದು ಮಾರಾಯ, ಅವಳಿಗೂ ಸಂಬಳ ಬೇಕಲ್ಲ. ಹೂಂ ಹೂಂ ಅಂತ ಹೇಳಿ ಕಳಿಸುದು. ಮೀನು ಕಚ್ಚಿತು ನೋಡು ನಿಂದು."

ನಾನು ತಿರುಗಿ ನೋಡಲಿಲ್ಲ. ಕನ್ನಡದವಳೆಂದು ಹೇಳಿಕೊಂಡರೆ ಯಾವೂರು, ಯಾರ ಮಗಳು, ಮದುವೆಯಾಗಿದೆಯಾ ಎಂಬಲ್ಲಿಗೆ ಮಾತು ಹೋಗುತ್ತದೆ. ಅದು ನನಗೆ ಬೇಡ. ಮೇಲಾಗಿ, ಅರ್ಥವಾಗದವಳಂತೆ ಹಿಕ್ಕೆ ಹೆಕ್ಕುತ್ತಿದ್ದರೆ ನಿಜ ಕಿವಿಗೆ ಬೀಳುತ್ತಿತ್ತು.

ಹಾಗೆ ತಿಳಿದದ್ದು ಇದು. ಡಾಕ್ಟರು ಹುಟ್ಟಿದ್ದು ಮಲ್ಪೆಯ ಕಡೆ, ದೋಣಿಯವರ ಮನೆಯಲ್ಲಿ. ಬಲೆಗೆ ಮೊದಲು ಬಿದ್ದ ಮೀನನ್ನು ಕಡಲಿಗೇ ಬಿಡುವುದು ಅವರ ಅಜ್ಜನ ಕ್ರಮ. ಮೊದಲನೆಯದು ನಮ್ಮದಲ್ಲ. ಕಡಲು ಬಿಟ್ಟು ಬಂದರೂ ಡಾಕ್ಟರು ಆ ಕ್ರಮ ಬಿಟ್ಟಿರಲಿಲ್ಲ, ಈ ಸರೋವರಕ್ಕೂ ವರ್ಷಗಳಿಂದ ಮೊದಲ ಮೀನು ಸಲ್ಲುತ್ತಿತ್ತು. ಈ ವಸಂತದಲ್ಲಿ ಅವರು ಎಸೆದ ಮೀನು ಮುಳುಗುವ ಮೊದಲೇ ಒಂದು ಬಾಯಿ ಬಂದು ಅದನ್ನು ಹಿಡಿಯಿತು. ಇಷ್ಟು ವರ್ಷ ಕೊಟ್ಟದ್ದನ್ನು ಈಗ ಯಾರೋ ಬಂದು ತೆಗೆದುಕೊಂಡರು ಎಂದು ಅವರಿಗೆ ಅನಿಸಿತು. ಮುಂದಿನ ಸಲ ಮೀನು ಕಲ್ಲಿನ ಮೇಲೆ, ಆಮೇಲೆ ಅಂಗೈ ಮೇಲೆ. ಎಂಜಿನಿಯರಿಗೂ ಅನುಕೂಲವಾಯಿತು. ಗಾಳದ ಗಾಯವಾದ ಮೀನು ಬಿಟ್ಟರೂ ಬದುಕುತ್ತದೋ ಇಲ್ಲವೋ ಎಂಬ ಅಳುಕು ಅವರಿಗೆ ಮೊದಲಿನಿಂದಲೂ ಇತ್ತು. ಈಗ ಬಿಡುವುದೆಂದರೆ ನೇರ ಅದರ ಬಾಯಿಗೆ ಬಿಡುವುದು.

"ಕೊಂದಿದ್ದೂ ಅದೇ, ತಿಂದಿದ್ದೂ ಅದೇ. ನಂದೇನಿದೆ ಸಾರ್, ನಾನು ಬರೀ ಡೆಲಿವರಿ ಬಾಯ್" ಎಂದು ಅವರು ನಗುತ್ತಿದ್ದರು. ಅದಕ್ಕೆ ಗುಂಡಣ್ಣ ಎಂದು ಹೆಸರಿಟ್ಟದ್ದೂ ಅವರೇ.

ನನ್ನ ಪಾಠ ಅವರಿಗೆ ತಾಗದಿದ್ದುದು ಏಕೆಂದು ಆಗ ಅರ್ಥವಾಯಿತು. ತಿನ್ನಿಸಬೇಡಿ ಎಂದು ನಾನು ಹೇಳುತ್ತಿದ್ದೆ. ಅವರ ಲೆಕ್ಕದಲ್ಲಿ ಇಬ್ಬರೂ ತಿನ್ನಿಸುತ್ತಿರಲೇ ಇಲ್ಲ. ಒಬ್ಬರು ಸಲ್ಲಿಸುತ್ತಿದ್ದರು, ಇನ್ನೊಬ್ಬರು ಬಿಡುಗಡೆ ಮಾಡುತ್ತಿದ್ದರು.

ಬೆದರಿಸುವ ಕೆಲಸ ಶುರುಮಾಡಿದೆ. ಇದಕ್ಕೊಂದು ಕ್ರಮವಿದೆ. ಪ್ರಾಣಿ ಮನುಷ್ಯರ ಹತ್ತಿರ ಬಂದ ಆ ಕ್ಷಣದಲ್ಲೇ ಕೆಟ್ಟದ್ದೇನಾದರೂ ಆಗಬೇಕು, ಮತ್ತು ಪ್ರತಿಸಲವೂ ಆಗಬೇಕು. ಕಲ್ಲು ತುಂಬಿದ ಡಬ್ಬಿ ಅಲ್ಲಾಡಿಸುವುದು, ಏರ್ ಹಾರ್ನ್ ಒತ್ತುವುದು, ಮುಖಕ್ಕೆ ನೀರು ಎರಚುವುದು. ಅದು ಓಡಿ ಮರೆಯಾಗುವವರೆಗೆ ನಿಲ್ಲಿಸಬಾರದು. ನಡುವೆ ಬಿಟ್ಟರೆ, ಗದ್ದಲವನ್ನು ಸಹಿಸಿಕೊಂಡರೆ ಸಾಕು ಎಂದು ಅದು ಕಲಿಯುತ್ತದೆ. ನಾನು ಕಿತ್ತಳೆ ಜಾಕೆಟ್ಟು ಹಾಕಿಕೊಂಡು ಇಷ್ಟನ್ನೂ ಮಾಡಿದೆ. ನೀರುನಾಯಿ ಬೇಗ ಕಲಿಯಿತು. ನಾನು ದಿಬ್ಬಕ್ಕೆ ಕಾಲಿಟ್ಟರೆ ಬುಸ್ಸೆಂದು ಉಸಿರು ಬಿಟ್ಟು ಮುಳುಗುತ್ತಿತ್ತು. ಮೇಲಧಿಕಾರಿಗೆ ಸಮಾಧಾನವಾಯಿತು.

ನನಗೆ ಆಗಲಿಲ್ಲ, ಯಾಕೆಂದರೆ ಹಿಕ್ಕೆಯಲ್ಲಿ ಚಿಪ್ಪು ಮರಳಿರಲಿಲ್ಲ. ಒಂದು ಬೆಳಗ್ಗೆ ಜಾಕೆಟ್ಟು ಟ್ರಕ್ಕಿನಲ್ಲೇ ಬಿಟ್ಟು, ಮಾಮೂಲಿ ಕೋಟು ಟೋಪಿಯಲ್ಲಿ ದೂರದ ಬೆಂಚಿನ ಮೇಲೆ ಕುಳಿತು ಬೈನಾಕ್ಯುಲರ್ ಹಿಡಿದೆ. ಅದು ಡಾಕ್ಟರ ಬೂಟಿನ ಮೇಲೆ ಮುಂಗಾಲು ಊರಿ ನಿಂತಿತ್ತು. ಅದು ಕಲಿತದ್ದು ಮನುಷ್ಯರಿಗೆ ಹೆದರಬೇಕೆಂದಲ್ಲ, ಕಿತ್ತಳೆ ಬಣ್ಣದವಳು ಬಂದಾಗ ಹೋಗಿ, ಹೋದ ಮೇಲೆ ಬರಬೇಕೆಂದು. ಅಷ್ಟು ದಿನದ ನನ್ನ ದುಡಿಮೆಯೆಲ್ಲ ಅದಕ್ಕೊಂದು ವೇಳಾಪಟ್ಟಿ ಕೊಟ್ಟಿತ್ತು.

ಆ ಭಾನುವಾರ ಇನ್ನೊಂದು ಘನಕಾರ್ಯವಾಯಿತು. ಎಂಜಿನಿಯರು ಕನ್ನಡದವರ ವಾಟ್ಸಾಪ್ ಗುಂಪಿಗೆ ಗುಂಡಣ್ಣನ ಫೋಟೋ ಹಾಕಿದ್ದರು. ಕುಟುಂಬಗಳು ಚಿತ್ರಾನ್ನದ ಡಬ್ಬಿ ಕಟ್ಟಿಕೊಂಡು ಬಂದವು. ಅಜ್ಜಿಯೊಬ್ಬರು ದೂರದಿಂದಲೇ ಕೈಮುಗಿದರು. "ಟಚ್ ಮಾಡ್ಬೋದಾ ಅಂಕಲ್?" ಎಂದು ಯಾರೋ ಕೇಳಿದ್ದಕ್ಕೆ ಎಂಜಿನಿಯರು, "ನಿಧಾನಕ್ಕೆ ಮಾಡಿ, ಅವನೇನೂ ಮಾಡಲ್ಲ" ಎಂದರು. ನಾನು ಜಾಕೆಟ್ಟು ಹಾಕಿಕೊಂಡು ನಡುವೆ ಹೋಗಿ ಎಲ್ಲರನ್ನೂ ಹಿಂದೆ ಸರಿಸಿದೆ. ಮಜಾ ಕೆಡಿಸಿದಳು ಎಂಬಂತೆ ನೋಡಿದರು.

ಅದಾದ ಕೆಲವೇ ದಿನಗಳಲ್ಲಿ ಎಂಜಿನಿಯರ ಹೆಬ್ಬೆರಳಿಗೆ ಬ್ಯಾಂಡೇಜು ಕಂಡೆ. ನಾನು ಬಂಡೆಯ ಹತ್ತಿರ ಬಗ್ಗಿದ್ದೆ. ಡಾಕ್ಟರು ತಗ್ಗಿದ ದನಿಯಲ್ಲಿ ಹೇಳುತ್ತಿದ್ದರು, "ನೀನು ಯಾರ ಹತ್ರವೂ ಬಾಯಿ ಬಿಡ್ಬೇಡ. ಸೋಪು ಹಾಕಿ ತೊಳ್ದಾಯ್ತು, ಟೆಟನಸ್ ಆಯ್ತು. ಮೀನಿಗೆ ಬಾಯಿ ಹಾಕುವಾಗ ಹಲ್ಲು ತಾಗಿದ್ದು, ಬೇಕಂತ ಕಚ್ಚಿದ್ದಲ್ಲ. ಹೇಳಿದ್ರೆ ಇವರು ಅದನ್ನು ಕೊಲ್ತಾರೆ."

"ನಾನ್ಯಾಕೆ ಹೇಳ್ಲಿ ಸಾರ್. ಬಾಗಿಲು ಮಧ್ಯೆ ಸಿಕ್ಕಾಕ್ಕೊಂಡ್ತು ಅಂತ ಮನೇಲೂ ಹೇಳಿದೀನಿ."

ನಾನು ಎದ್ದು ಅವರ ಮುಂದೆ ಹೋಗಿ ನಿಂತು ಕನ್ನಡದಲ್ಲೇ ಕೇಳಿದೆ. "ರೇಬಿಸ್‌ಗೆ ಚುಚ್ಚಿಸಿಕೊಂಡಿದ್ದೀರಾ?"

ಎಂಜಿನಿಯರು ಮೊದಲು ಚೇತರಿಸಿಕೊಂಡರು. "ಮೇಡಂ, ನೀವು ಕನ್ನಡದವ್ರಾ? ಅಂದ್ರೆ ಆ ಟ್ರಾಫಿಕ್ ಕೋನು..."

"ಕೇಳಿಸಿತ್ತು. ಚುಚ್ಚಿಸಿಕೊಂಡಿದ್ದೀರಾ ಇಲ್ಲವಾ?"

"ನೀರುನಾಯಿಗೆ ರೇಬಿಸ್ ಇರುದು ತೀರಾ ಅಪರೂಪ ಮಾರಾಯ್ತಿ" ಎಂದರು ಡಾಕ್ಟರು.

"ಅಪರೂಪ ಎಂದರೆ ಇಲ್ಲ ಎಂದಲ್ಲ. ನೀವು ಡಾಕ್ಟರು. ಲಕ್ಷಣ ಕಾಣಿಸಿದ ಮೇಲೆ ಉಳಿಸಲು ಆಗುವುದಿಲ್ಲ ಎಂದು ಇವರಿಗೆ ನೀವು ಹೇಳಬೇಕಿತ್ತು. ಹೇಳಿದಿರಾ?"

ಹೇಳಿರಲಿಲ್ಲವೆಂದು ಎಂಜಿನಿಯರ ಮುಖದಲ್ಲೇ ಕಂಡಿತು. ಅವರು ಹೆಬ್ಬೆರಳನ್ನು ಇನ್ನೊಂದು ಕೈಯಲ್ಲಿ ಮುಚ್ಚಿಕೊಂಡರು. "ಸಾರ್?" ಎಂದರು. ಡಾಕ್ಟರು ನೀರಿನ ಕಡೆ ನೋಡುತ್ತಿದ್ದರು.

"ಹೇಳಿದ್ರೆ ಅದು ಸಾಯ್ತದೆ" ಎಂದರು ಕೊನೆಗೆ.

"ಅದಕ್ಕೆ ಇವರು ಸತ್ತರೂ ಆಗಬಹುದೇ? ಅದು ಸಾಯುವ ಹಾಗೆ ಮಾಡಿದ್ದು ನಾನಲ್ಲ ಡಾಕ್ಟರೇ. ಬೇಡ ಎಂದು ಹೇಳಲಿಕ್ಕೆ ನಾನು ದಿನವೂ ಬಂದಿದ್ದೆ. ಹೂಂ ಹೂಂ ಎಂದು ಕಳಿಸಿದಿರಿ."

ನಾನು ದನಿ ಎತ್ತುವವಳಲ್ಲ, ಅಂದೂ ಎತ್ತಲಿಲ್ಲ. ಅಲ್ಲಿಂದಲೇ ಆರೋಗ್ಯ ಇಲಾಖೆಗೆ ಫೋನು ಮಾಡಿದೆ, ಆಮೇಲೆ ಮೇಲಧಿಕಾರಿಗೆ. ಎಂಜಿನಿಯರನ್ನು ಆಗಲೇ ಆಸ್ಪತ್ರೆಗೆ ಹೊರಡಿಸಿದೆ. ಆರೋಗ್ಯ ಇಲಾಖೆಯ ನರ್ಸು ವಿವರವನ್ನೆಲ್ಲ ಕೇಳಿಕೊಂಡು, ಗಾಯಗೊಂಡವರು ಪೂರ್ತಿ ಲಸಿಕೆ ತೆಗೆದುಕೊಳ್ಳುವುದಾದರೆ ಪರೀಕ್ಷೆಗಾಗಿ ಪ್ರಾಣಿಯನ್ನು ಕೊಡಲೇಬೇಕೆಂದು ತಾವು ಕೇಳುವುದಿಲ್ಲ ಎಂದರು. ನನ್ನ ಉಸಿರು ಸ್ವಲ್ಪ ಸಡಿಲವಾಯಿತು. ಮೇಲಧಿಕಾರಿ ಅದನ್ನು ಮತ್ತೆ ಬಿಗಿದರು.

"ರೇಬಿಸ್ ಬೇರೆ, ಜನರ ಸುರಕ್ಷತೆ ಬೇರೆ. ಒಮ್ಮೆ ಕಚ್ಚಿದೆ. ಶನಿವಾರ ಅಲ್ಲಿ ಮಕ್ಕಳಿರುತ್ತಾರೆ. ಬೋನು ಕಳಿಸುತ್ತೇನೆ."

ಬೋನಿಗೆ ಬಿದ್ದರೆ ಮುಂದೇನೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ನಾನು ಶನಿವಾರದವರೆಗೆ ಅವಕಾಶ ಕೇಳಿದೆ. "ಇಷ್ಟು ದಿನ ಆಗದ್ದು ಈಗ ಹೇಗಾಗುತ್ತದೆ?" ಎಂದು ಕೇಳಿದರು. ಹೊಸ ವಿಧಾನವಿದೆ ಎಂದೆ. ಅಲ್ಲಿಯವರೆಗೆ ನನ್ನ ತಲೆಯಲ್ಲಿ ಯಾವ ವಿಧಾನವೂ ಇರಲಿಲ್ಲ, ಆ ವಾಕ್ಯ ಬಾಯಿಂದ ಬಿದ್ದಾಗಲೇ ಹೊಳೆದದ್ದು. ನನ್ನ ಕೈಯಿಂದ ಬಂದ ಭಯ ನನ್ನ ಜಾಕೆಟ್ಟಿಗಷ್ಟೇ ಅಂಟಿತ್ತು. ಅದು ಯಾರ ಕೈಯನ್ನು ನಂಬಿದೆಯೋ ಆ ಕೈಯಿಂದಲೇ ಭಯ ಬರಬೇಕು.

ಮಾರನೆಯ ಬೆಳಗ್ಗೆ ಡಾಕ್ಟರು ಒಬ್ಬರೇ ಬಂದಿದ್ದರು, ಗಾಳವಿಲ್ಲದೆ. ನಾನು ಹೇಳಿದ್ದನ್ನು ಪೂರ್ತಿ ಕೇಳಿ, ಆಗುವುದಿಲ್ಲ ಎಂದರು.

"ನಂಬಿ ಬಂದದ್ದಕ್ಕೆ ಕಲ್ಲು ಹೊಡೀಲಿಕ್ಕೆ ನನ್ನಿಂದಾಗುದಿಲ್ಲ. ಬೇರೆ ಯಾರನ್ನಾದ್ರೂ ಕೇಳಿ."

"ಬೇರೆ ಯಾರನ್ನೂ ಅದು ಇಷ್ಟು ನಂಬಿಲ್ಲ."

ಡಾಕ್ಟರು ಕುರ್ಚಿಯ ಕೈ ಸವರುತ್ತ ಊರಿನ ಮಾತು ತೆಗೆದರು. ಅವರು ಹೈಸ್ಕೂಲಿನಲ್ಲಿದ್ದಾಗ ಒಂದು ಒಂಟಿ ಡಾಲ್ಫಿನ್ ಅವರ ದೋಣಿಗಳ ಸಂಗಡ ಬರುತ್ತಿತ್ತಂತೆ. ಹುಟ್ಟು ಹಾಕುವ ಸದ್ದು ಕೇಳಿದರೆ ಸಾಕು, ಪಕ್ಕಕ್ಕೆ ಬಂದು ಹೊಟ್ಟೆ ತೋರಿಸಿ ಉರುಳುತ್ತಿತ್ತು. ಬಲೆಯಿಂದ ಜಾರಿದ ಬೂತಾಯಿ ಮೀನನ್ನು ಇವರೂ ಎಸೆಯುತ್ತಿದ್ದರು. ಈ ಕಥೆಯನ್ನು ಅವರು ಎಂಜಿನಿಯರಿಗೆ ಹೇಳುವುದನ್ನು ನಾನು ಮೊದಲೇ ಕೇಳಿದ್ದೆ, ಹೊಟ್ಟೆ ತೋರಿಸಿ ಉರುಳುವವರೆಗೆ.

"ಆಮೇಲೆ ಅದೇನಾಯಿತು?" ಎಂದೆ.

"ಆಮೇಲೆ ಇಂಜಿನ್ ಬೋಟು ಬಂತು." ಅವರು ನನ್ನನ್ನು ನೋಡಲಿಲ್ಲ. "ಹೊಸ ಬೋಟು, ಬೇರೆ ಊರಿನವರದ್ದು. ಇದು ನಮ್ಮ ದೋಣಿ ಅಂತ ತಿಳ್ಕೊಂಡು ಪಕ್ಕಕ್ಕೆ ಹೋಗಿದೆ. ಬೋಟಿನ ಅಡಿಯ ಫ್ಯಾನಿಗೆ ಮಂಡೆ ಕೊಟ್ಟಿತು. ದಡಕ್ಕೆ ಬಂದು ಬಿದ್ದದ್ದನ್ನು ನೋಡ್ಲಿಕ್ಕೆ ಇಡೀ ಊರು ಹೋಗಿತ್ತು. ನನ್ನ ಅಜ್ಜ ಹೋಗ್ಲಿಲ್ಲ."

ನನ್ನ ಸಿಟ್ಟು ಇನ್ನಷ್ಟು ಏರಿತು. ಇದರ ಕೊನೆಯನ್ನು ಕಣ್ಣಾರೆ ನೋಡಿದ್ದ ಮನುಷ್ಯ ಬೂಟಿನ ಮೇಲೆ ಅದರ ಕಾಲು ಊರಿಸಿಕೊಂಡು ನಿಂತಿದ್ದರು.

"ಎಂತ ಮಾಡ್ಬೇಕು, ಹೇಳಿ" ಎಂದರು.

ಕಚ್ಚಿದ ಸುದ್ದಿ ಕೇಳಿದ್ದೇ ಉಳಿದ ಗಾಳದವರು ಮೀನು ಕೊಡುವುದನ್ನು ತಾವಾಗಿ ನಿಲ್ಲಿಸಿದ್ದರು. ಬಾಕಿ ಇದ್ದದ್ದು ಈ ಕೈ ಒಂದೇ. ಡಾಕ್ಟರು ಎಂದಿನ ಜಾಗದಲ್ಲಿ, ಎಂದಿನ ಟೋಪಿಯಲ್ಲಿ, ಎಂದಿನಂತೆ ಗಾಳ ಹಾಕಿ ಕೂರಬೇಕು. ನಾನು ಜಾಕೆಟ್ಟಿಲ್ಲದೆ ದೂರವಿರಬೇಕು, ನಾನಿದ್ದೇನೆಂದು ಅದಕ್ಕೆ ತಿಳಿಯಬಾರದು. ಕಾಲ ಬಳಿ ನೀರಿನ ಬಕೆಟ್ಟು, ಒಂದು ಸ್ಟೀಲ್ ತಟ್ಟೆ ಮತ್ತು ಸೌಟು, ಬೊಗಸೆಯಷ್ಟು ಸಣ್ಣ ಕಲ್ಲು. ಮೊದಲು ಸದ್ದು, ಆಮೇಲೆ ನೀರು, ಅದಕ್ಕೂ ಹೋಗದಿದ್ದರೆ ಪಕ್ಕದ ನೀರಿಗೆ ಕಲ್ಲು. ಹೋಗುವವರೆಗೆ ನಿಲ್ಲಿಸುವಂತಿಲ್ಲ.

ಮರುದಿನ ಅದು ಬಂತು. ಡಾಕ್ಟರು ತಟ್ಟೆ ಬಡಿದರು, ಸತ್ಯನಾರಾಯಣ ಪೂಜೆಯ ಕೈಗಂಟೆಯಷ್ಟು ಮೆತ್ತಗೆ. ನೀರುನಾಯಿ ತಲೆ ಓರೆ ಮಾಡಿ ನೋಡಿತು. ನೀರು ಎರಚಿದರು. ಮುಳುಗಿ ಇನ್ನೂ ಹತ್ತಿರ ಎದ್ದಿತು. ಆಟವೆಂದುಕೊಂಡಿತ್ತು. ಅವರು ಕೈಚೆಲ್ಲಿ ನನ್ನ ಕಡೆ ನೋಡಿದರು, ನೋಡಬಾರದೆಂದು ಹೇಳಿದ್ದರೂ. ಆ ಬೆಳಗ್ಗೆ ಕೆಟ್ಟಿತು. ಮಾರನೆಯ ಬೆಳಗ್ಗೆಯೂ ಹಾಗೆಯೇ ಆಯಿತು. ಬೋನು ಬಂದು ನನ್ನ ಟ್ರಕ್ಕಿನಲ್ಲಿ ಕುಳಿತಿತ್ತು. ಡಾಕ್ಟರನ್ನು ಕರೆದೊಯ್ದು ಅದನ್ನು ತೋರಿಸಿದೆ. ಬಾಗಿಲು ಹೇಗೆ ಬೀಳುತ್ತದೆ ಎಂಬುದನ್ನೂ ತೋರಿಸಿದೆ. ಅದು ಕರುಣೆಯ ಕೆಲಸವಲ್ಲವೆಂದು ಗೊತ್ತಿತ್ತು.

ಶುಕ್ರವಾರ ಅದು ಬಂಡೆಗೆ ಮುಂಗಾಲು ಊರಿ ಮೇಲೆದ್ದಾಗ ಡಾಕ್ಟರು ಎದ್ದು ನಿಂತರು. ತಟ್ಟೆಯನ್ನು ಬಂಡೆಗೇ ಬಡಿದರು. ಬಾಯಿಂದ ಒಂದು ಕೂಗು ಬಂತು, ಪದಗಳಿಲ್ಲದ್ದು, ದೋಣಿಯಿಂದ ದೋಣಿಗೆ ಹಾಕುವಂಥದ್ದು. ಇಡೀ ಬಕೆಟ್ಟು ಅದರ ಮುಖಕ್ಕೆ ಸುರಿದರು. ಅದು ನೀರಿಗೆ ಬಿದ್ದು ಮತ್ತೆ ತಲೆ ಎತ್ತಿತು. ಕಲ್ಲು ಎಸೆದರು. ಮೊದಲನೆಯದು ಪಕ್ಕಕ್ಕೆ, ಮುಂದಿನದು ಹತ್ತಿರಕ್ಕೆ, ಆಮೇಲಿನದು ಅದರ ಬೆನ್ನಿಗೇ ತಾಗಿತು. ಅದು ಚೀರಿದ ಸದ್ದು ನನ್ನ ಬೆಂಚಿನವರೆಗೂ ಬಂತು.

ಹಾದಿಯಲ್ಲಿ ಜಾಗಿಂಗ್ ಮಾಡುತ್ತಿದ್ದ ಹೆಂಗಸೊಬ್ಬಳು ನಿಂತು ಫೋನು ಎತ್ತಿದಳು. "ಏನು ಜನ ನೀವು? ಆ ಮೂಕಪ್ರಾಣಿ ನಿಮಗೇನು ಮಾಡಿತು? ನಿಮ್ಮ ದೇಶದಲ್ಲಿ ಇದನ್ನೇ ಮಾಡುವುದಾ?" ಎಂದು ಇಂಗ್ಲಿಷಿನಲ್ಲಿ ಡಾಕ್ಟರಿಗೆ ಕೇಳುವಂತೆ ಹೇಳಿದಳು. ಡಾಕ್ಟರು ತಿರುಗಲಿಲ್ಲ. ನಿಲ್ಲಿಸಬಾರದೆಂದು ನಾನು ಹೇಳಿದ್ದೆನಲ್ಲ. ಕಲ್ಲು ಎಸೆಯುತ್ತಲೇ ಇದ್ದರು. ನಾನು ಅವಳ ಮುಂದೆ ಹೋಗಿ ಗುರುತಿನ ಚೀಟಿ ತೋರಿಸಿದೆ. ಅವರು ಇದನ್ನು ಮಾಡುತ್ತಿರುವುದು ನನ್ನ ಮಾತಿನ ಮೇಲೆ, ವಿಡಿಯೋದಲ್ಲಿ ನನ್ನ ಮುಖವನ್ನೂ ಸೇರಿಸಿಕೊಳ್ಳಿ ಎಂದೆ. ಫೋಟೋ ಎಂದರೆ ಓಡುವವಳು ನಾನು, ಆ ಫೋನಿನ ಮುಂದೆ ನೆಟ್ಟಗೆ ನಿಂತೆ.

"ಆದರೆ ಅದು ಎಷ್ಟು ಫ್ರೆಂಡ್ಲಿ ಆಗಿದೆ" ಎಂದಳು.

"ಹೌದು" ಎಂದೆ. "ಅದಕ್ಕೇ ನಾಳೆ ಅದನ್ನು ಕೊಲ್ಲಬೇಕಾಗಿದೆ. ಈಗ ನಿಮ್ಮ ದನಿ ತಗ್ಗಿಸಿ."

ಅವಳು ಫೋನು ಇಳಿಸಿದಳು. ನೀರಿನಲ್ಲಿ ಗುಳ್ಳೆಯ ಒಂದು ಗೆರೆ ದಿಬ್ಬದಿಂದ ದೂರ, ಹೊಳೆಯ ಬಾಯಿಯ ಜೊಂಡಿನ ಕಡೆ ಹೋಗುತ್ತಿತ್ತು.

ಶನಿವಾರ ಅದು ಬರಲಿಲ್ಲ. ಬೋನು ಇನ್ನೂ ಕೆಲವು ದಿನ ಟ್ರಕ್ಕಿನಲ್ಲೇ ಇತ್ತು. ನಾನು ಜೊಂಡಿನಲ್ಲಿ ಹೊಸ ಹಿಕ್ಕೆ ಹುಡುಕಿ ತೊಳೆದು, ಅದರಲ್ಲಿ ಕೆಂಪು ಚಿಪ್ಪು ಕಂಡು ಮೇಲಧಿಕಾರಿಗೆ ತೋರಿಸಿದ ಮೇಲೆ ಬೋನನ್ನು ಹಿಂದಕ್ಕೆ ಕರೆಸಿಕೊಂಡರು.

ಕೊನೆಯ ಸಲ ದಿಬ್ಬಕ್ಕೆ ಹೋದಾಗ ಇಬ್ಬರೂ ಇದ್ದರು. ಎಂಜಿನಿಯರ ಲಸಿಕೆಗಳು ಮುಗಿದಿದ್ದವು. ಹೆಬ್ಬೆರಳಿನಲ್ಲಿ ತಿಳಿಗೆಂಪಿನ ಕಲೆಯಷ್ಟೇ ಉಳಿದಿತ್ತು. ಅವರ ಗಾಳ ನೀರಿನಲ್ಲಿತ್ತು, ಆದರೆ ಅದಕ್ಕೆ ಹುಳು ಸಿಕ್ಕಿಸಿರಲಿಲ್ಲವೆಂದು ಆಮೇಲೆ ತಿಳಿಯಿತು.

"ಮೇಡಂ, ಒಂದು ಕೇಳ್ಲಾ? ಅದಕ್ಕೆ ನಮ್ಮ ನೆನಪಿರುತ್ತಾ?"

"ಇರುತ್ತೆ. ಅದಕ್ಕೇ ದೂರ ಇರುತ್ತೆ."

ಆಗಲೇ ಜೊಂಡಿನ ಆಚೆ, ಕಂದು ತಲೆಯೊಂದು ನೀರಿನಿಂದ ಎದ್ದು ನಮ್ಮ ಕಡೆ ನೋಡಿತು. ಎಂಜಿನಿಯರ ಕೈ ತಾನಾಗಿ ಅರ್ಧ ಮೇಲೆ ಹೋಯಿತು. ಅದು ಅಲ್ಲೇ ನಿಂತು ನೋಡುತ್ತಿತ್ತು, ನಾವು ಯಾರೆಂದು ಲೆಕ್ಕ ಹಾಕುವಂತೆ.

ಡಾಕ್ಟರು ಎದ್ದರು. ಯಾರೂ ಹೇಳಿರಲಿಲ್ಲ. ಮಂಡಿ ಹಿಡಿದು ಬಗ್ಗಿ, ಕಾಲ ಬಳಿಯ ಒಂದು ಕಲ್ಲು ಹೆಕ್ಕಿ, ಆ ವಯಸ್ಸಿನ ತೋಳಿನ ಶಕ್ತಿಯನ್ನೆಲ್ಲ ಹಾಕಿ ಎಸೆದರು. ಕಲ್ಲು ಅರ್ಧ ದಾರಿಗೂ ಹೋಗಲಿಲ್ಲ. ಅದು ನೀರಿಗೆ ಬೀಳುವ ಮೊದಲೇ ಆ ಕಂದು ತಲೆ ಮುಳುಗಿತ್ತು.

ಅವರು ಪ್ಯಾಂಟಿಗೆ ಕೈ ಒರೆಸಿಕೊಂಡು ಕುರ್ಚಿಯಲ್ಲಿ ಕುಳಿತರು. ನನ್ನ ಕಡೆ ನೋಡಲಿಲ್ಲ.